ಎರಡು ಚರಂಡಿಗಳು

(ಬಾನುಲಿ ಭಾಷಣ)

ಕಳೆದ ದೀಪಾವಳಿಗೆ ಮುಂಚೆ ನಮ್ಮ ಮನೆಗೆ ಬಣ್ಣ ಹೊಡೆಸಿದೆವು. ಕೆಲಸ ಮುಗಿದ ಸಂಜೆ, ಬಣ್ಣದ ಹುಡುಗ ತನ್ನ ಬ್ರಷ್ಷುಗಳನ್ನೂ ಖಾಲಿ ಡಬ್ಬಗಳನ್ನೂ ಬೀದಿಯಂಚಿಗೆ ಒಯ್ದು, ಚರಂಡಿಯ ಜಾಲರಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಎರಡು ಬಕೆಟ್ ನೀರು ಸುರಿದು ಅಚ್ಚುಕಟ್ಟಾಗಿ ತೊಳೆದ. ಹಸುರು ನೀರು ಜಾಲರಿಯೊಳಗೆ ಇಳಿದುಹೋಯಿತು. ನಾನು ಗೇಟಿನ ಬಳಿ ನಿಂತಿದ್ದೆ. ಮೂವತ್ತೈದು ವರ್ಷ ಪಾಠ ಹೇಳಿದ ನಾಲಗೆ ಇಂಥ ಸಮಯದಲ್ಲಿ ಸುಮ್ಮನಿರಲಾರದು.

“ಏನಪ್ಪಾ, ಆ ನೀರು ಎಲ್ಲಿಗೆ ಹೋಗುತ್ತೆ ಗೊತ್ತೇನು?” ಎಂದೆ.

“ಒಳಚರಂಡಿಗೆ ಹೋಗುತ್ತೆ ಮೇಷ್ಟ್ರೇ. ಅಲ್ಲಿ ಮಿಷನ್ ಇಟ್ಟು ಕ್ಲೀನ್ ಮಾಡ್ತಾರಲ್ಲ,” ಎಂದು ಅವನು ನನ್ನ ಅಜ್ಞಾನಕ್ಕೆ ಮರುಗಿದವನಂತೆ ಉತ್ತರ ಕೊಟ್ಟ.

ಹುಡುಗನ ಉತ್ತರ ತಪ್ಪು. ಆದರೆ ತಪ್ಪು ಅವನೊಬ್ಬನದಲ್ಲ. ನಮ್ಮ ಬಡಾವಣೆಯಲ್ಲಿ ವೈದ್ಯರಿದ್ದಾರೆ, ವಕೀಲರಿದ್ದಾರೆ, ನನ್ನಂಥ ನಿವೃತ್ತ ಅಧ್ಯಾಪಕರಿದ್ದಾರೆ. ಆಮೇಲೆ ಅವರಲ್ಲಿ ಕೆಲವರಿಗೂ ಇದೇ ಪ್ರಶ್ನೆ ಹಾಕಿ ನೋಡಿದೆ. ಬೀದಿಯ ಚರಂಡಿಗೆ ಬಿದ್ದದ್ದೆಲ್ಲ ಊರಾಚೆ ಎಲ್ಲೋ ಒಂದು ಕಡೆ ಶುದ್ಧವಾಗುತ್ತದೆಂಬ ನೆಮ್ಮದಿ ಅವರಲ್ಲಿಯೂ ಇತ್ತು. ಆ ನೆಮ್ಮದಿಗೆ ಆಧಾರವಿಲ್ಲವೆಂಬುದನ್ನು, ಶ್ರೋತೃಗಳೇ, ಇಂದು ತಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ಗೊಂದಲಕ್ಕೆ ನಮ್ಮ ಮಾತೂ ಸ್ವಲ್ಪ ಕಾರಣ. ಚರಂಡಿ, ಒಳಚರಂಡಿ ಎಂದು ಎರಡು ಪದಗಳನ್ನು ನಾವು ಬಳಸುತ್ತೇವೆ. ಕಿವಿಗೆ ಇವು ಅಣ್ಣತಮ್ಮಂದಿರಂತೆ ಕೇಳುತ್ತವೆ. ಒಂದು ನೆಲದ ಮೇಲಿನದು, ಇನ್ನೊಂದು ನೆಲದೊಳಗಿನದು, ಅಷ್ಟೇ ವ್ಯತ್ಯಾಸ ಎಂದು ತೋರುತ್ತದೆ. ವಾಸ್ತವವಾಗಿ ಇವೆರಡೂ ಬೇರೆ ಬೇರೆ ಮನೆತನದವು. ಶೌಚ, ಬಚ್ಚಲು, ಅಡುಗೆಮನೆಗಳ ನೀರು ಹೋಗಬೇಕಾದದ್ದು ಒಳಚರಂಡಿಗೆ. ಆ ಕೊಳವೆಗಳು ರಸ್ತೆಯಡಿಯಲ್ಲಿ ಸಾಗಿ, ಕೊಳಚೆನೀರು ಶುದ್ಧೀಕರಣ ಘಟಕವನ್ನು ಮುಟ್ಟುತ್ತವೆ. ಅಲ್ಲಿ ಕಸವನ್ನು ಸೋಸಿ, ಮರಳನ್ನು ತಂಗಿಸಿ, ಗಾಳಿಯೂದಿ, ಸೂಕ್ಷ್ಮಜೀವಿಗಳಿಗೆ ಕೊಳೆಯನ್ನು ತಿನ್ನಿಸಿ ನೀರನ್ನು ಹೊರಕ್ಕೆ ಬಿಡುತ್ತಾರೆ. ಬೀದಿಯಂಚಿನ ಚರಂಡಿ ಇದಲ್ಲ. ಅದು ಮಳೆನೀರಿಗೆಂದು ಮಾಡಿದ ದಾರಿ. ಸಣ್ಣ ಚರಂಡಿ ದೊಡ್ಡ ಚರಂಡಿಯನ್ನು ಸೇರುತ್ತದೆ, ದೊಡ್ಡದು ರಾಜಕಾಲುವೆಯನ್ನು, ರಾಜಕಾಲುವೆ ಕೆರೆಯನ್ನು. ನಡುವೆ ಅಲ್ಲಲ್ಲಿ ಒಂದು ಕಬ್ಬಿಣದ ಜಾಲರಿಯನ್ನು ಬಿಟ್ಟರೆ ಸೋಸುವವರು ಯಾರೂ ಇಲ್ಲ. ಕೆಲವು ಕೆರೆಗಳ ಬಾಯಲ್ಲಿ ಕೊಳಚೆಯನ್ನು ಬೇರೆ ದಾರಿಗೆ ತಿರುಗಿಸುವ ಏರ್ಪಾಡುಗಳನ್ನು ಮಾಡಿದ್ದಾರೆ, ನಿಜ. ಆದರೆ ಮಳೆ ಜೋರಾದಾಗ ನೀರು ಅದನ್ನೂ ಮೀರಿ ಹರಿಯುತ್ತದೆ. ಆದುದರಿಂದ ಆ ಸಂಜೆ ನನ್ನ ಮನೆಯ ಬಣ್ಣ ತೊಳೆದ ನೀರು ಹೊರಟದ್ದು ಮಿಷನ್ನಿನ ಕಡೆಗಲ್ಲ, ಕೆರೆಯ ಕಡೆಗೆ.

ಎರಡು ದಾರಿ ಏಕೆ, ಒಂದರಲ್ಲೇ ಎಲ್ಲವನ್ನೂ ಹರಿಸಬಾರದೇ ಎಂದು ಕೇಳಬಹುದು. ಹಾಗೆ ಮಾಡಿದ ನಗರಗಳೂ ಉಂಟು. ಲಂಡನ್ನಿನ ಹಳೆಯ ಭಾಗಗಳಲ್ಲಿ ಮಳೆನೀರಿಗೂ ಕೊಳಚೆಗೂ ಒಂದೇ ಕೊಳವೆ; ಮಳೆ ಹೆಚ್ಚಾದಾಗಲೆಲ್ಲ ಅದು ಉಕ್ಕಿ ಥೇಮ್ಸ್ ನದಿಗೆ ಸುರಿಯುತ್ತಿತ್ತು. ಆ ಉಕ್ಕನ್ನು ಹಿಡಿದಿಡಲು ಅವರು ನದಿಯ ಕೆಳಗೆ 25 ಕಿಲೋಮೀಟರ್ ಉದ್ದದ ಸುರಂಗವನ್ನೇ ಕೊರೆಯಬೇಕಾಯಿತು. ಬೇರೆ ದಾರಿ ಏಕೆ ಬೇಕೆಂಬುದಕ್ಕೆ ನಮ್ಮ ಮನೆಯ ಲೆಕ್ಕವನ್ನೇ ಹಾಕೋಣ. ಮೂವತ್ತು-ನಲವತ್ತು ಅಡಿಯ ನಿವೇಶನವೆಂದರೆ ಸುಮಾರು 111 ಚದರ ಮೀಟರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರು. ಹತ್ತು ಮಿಲಿಮೀಟರಿನ ಸಾಧಾರಣ ಮಳೆಗೆ ನಮ್ಮ ನಿವೇಶನದ ಮೇಲೆ ಬೀಳುವ ನೀರು ಸಾವಿರದ ನೂರು ಲೀಟರು. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ರೂಢಿಯ ಲೆಕ್ಕವನ್ನು ಹಿಡಿದರೆ, ನಾಲ್ಕು ಜನರ ಸಂಸಾರ ಎರಡು ದಿನ ಬಳಸುವಷ್ಟು ನೀರು ಅದು. ಅದು ಬೀಳುವುದು ಅರ್ಧ ಗಂಟೆಯಲ್ಲಿ! ಸಂಸಾರದ ನೀರಿಗೆಂದು ಅಳೆದು ಹಾಕಿದ ಕೊಳವೆ ಆಕಾಶದ ನೀರನ್ನು ಹೊರಲಾರದು.

ಈಗ ಪದಗಳ ವಿಷಯಕ್ಕೆ ಎರಡು ಮಾತು. ಕನ್ನಡದ ಮೇಷ್ಟ್ರಾದವನಿಗೆ ಇದು ಬಿಡಲಾಗದ ಚಪಲ. ರಾಜಕಾಲುವೆ ಎಂಬುದು ಎಷ್ಟು ಗಂಭೀರವಾದ ಮಾತು ನೋಡಿ. ರಾಜನಿಗೆ ಸೇರಿದ್ದು ಎಂದಷ್ಟೇ ಅಲ್ಲ, ಹಿರಿದು, ಮುಖ್ಯವಾದದ್ದು ಎಂಬ ಅರ್ಥವೂ ಆ ‘ರಾಜ’ದಲ್ಲಿದೆ. ಇಂದು ಬೆಂಗಳೂರಿನಲ್ಲಿ ಈ ಹೆಸರನ್ನು ಕೇಳಿದವರು ಮೊದಲು ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆ. ಆಡುಮಾತಿನಲ್ಲಿ ಅದು ಮೋರಿ. ಧಾರವಾಡದ ಕಡೆ ಗಟಾರ. ಮಂಡ್ಯದ ರೈತನಿಗೆ ನಾಲೆ ಎಂದರೆ ಅನ್ನ ಕೊಡುವ ನೀರು, ವಿಶ್ವೇಶ್ವರಯ್ಯ ನಾಲೆ. ಅದೇ ಪದ ಪಟ್ಟಣಕ್ಕೆ ಬಂದು ‘ನಾಲಾ’ ಆದೊಡನೆ ಕೊಳೆತು ನಾರುತ್ತದೆ. ವೃಷಭಾವತಿಯ ಕಥೆಯಂತೂ ಇನ್ನೂ ಕರುಣಾಜನಕ. ಬಸವನಗುಡಿಯ ದೊಡ್ಡಬಸವಣ್ಣನ ಪಾದದಡಿಯಲ್ಲಿ ಹುಟ್ಟಿದವಳೆಂದು ನಂಬಿಕೆಯುಳ್ಳ ಹೊಳೆ. ಅದನ್ನು ಜನ ಕರೆಯುವುದು ಕೆಂಗೇರಿ ಮೋರಿ ಎಂದು. ಅದು ನದಿಯೆಂಬುದೇ ನಮ್ಮ ಮೊಮ್ಮಕ್ಕಳಿಗೆ ತಿಳಿಯದು. ಹೆಸರು ಕೆಟ್ಟದ್ದು ನೀರು ಕೆಟ್ಟ ಮೇಲೆಯೇ ಇರಬೇಕು. ಆದರೆ ಮೋರಿ ಎಂದು ಕರೆಯತೊಡಗಿದ ಮೇಲೆ ಅದಕ್ಕೆ ಏನನ್ನು ಎಸೆಯಲೂ ಕೈ ಹಿಂಜರಿಯುವುದಿಲ್ಲ.

ಬೆಂಗಳೂರು ದೊಡ್ಡ ಹೊಳೆಯ ದಡದಲ್ಲಿ ಹುಟ್ಟಿದ ಊರಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಒಂದು ದಿಣ್ಣೆಯ ಬೆನ್ನಿನ ಮೇಲೆ ಕುಳಿತ ಊರು. ಬೆನ್ನಿನ ಪಶ್ಚಿಮಕ್ಕೆ ಬಿದ್ದ ಹನಿ ವೃಷಭಾವತಿಯನ್ನು ಸೇರಿ, ಬೈರಮಂಗಲದ ಕೆರೆಯನ್ನು ಹಾದು, ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳ ಕಣಿವೆಯಲ್ಲಿಯೋ ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿಯೋ ಇಳಿದು ದಕ್ಷಿಣ ಪಿನಾಕಿನಿಯನ್ನು ಕೂಡಿಕೊಂಡು ತಮಿಳುನಾಡಿಗೆ ಹೋಗುತ್ತದೆ. ಇಂಥ ನೆಲದಲ್ಲಿ ನೀರನ್ನು ನಿಲ್ಲಿಸಿಕೊಳ್ಳಬೇಕೆಂದೇ ಹಿಂದಿನವರು ಇಳಿಜಾರಿನುದ್ದಕ್ಕೂ ಏರಿ ಹಾಕಿ ಕೆರೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ. ಅದು ತುಂಬಿದರೆ ಅದರ ಕೆಳಗಿನದಕ್ಕೆ. ತೂಬನ್ನು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚಲು ನೀರಗಂಟಿಯಿದ್ದ. ಕೆರೆಗಳಲ್ಲಿ ಹಲವು ಈಗ ಇಲ್ಲ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕೆರೆ ಹೋಯಿತೆಂದು ಇಳಿಜಾರೇನೂ ಹೋಗಲಿಲ್ಲ. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಳ್ಳಂದೂರಿನ ಸುತ್ತ ದೊಡ್ಡ ದೊಡ್ಡ ಮನೆಗಳವರನ್ನು ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಗಿ ಬಂದಾಗ ಊರಿಗೆ ಅದು ನೆನಪಾಯಿತು. ಒತ್ತುವರಿ, ಹೂಳು, ಕಸ ಇವುಗಳಿಂದ ದಾರಿ ಕಿರಿದಾದ ನೀರು ತನಗೆ ತೋಚಿದ ಕಡೆ ನುಗ್ಗಿತು.

ಕಸ ಕಣ್ಣಿಗೆ ಕಾಣುತ್ತದೆ. ಪ್ಲಾಸ್ಟಿಕ್ ಚೀಲ, ಎಳನೀರಿನ ಬುರುಡೆ, ಹಳೆಯ ಹಾಸಿಗೆ ಎಲ್ಲವನ್ನೂ ಪತ್ರಿಕೆಯವರು ಚಿತ್ರ ತೆಗೆದು ತೋರಿಸುತ್ತಾರೆ. ಅದರ ಬಗ್ಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಕಣ್ಣಿಗೆ ಕಾಣದೆ ಹೋಗುವುದರ ಮಾತು ಬೇರೆ. ಬೇಸಗೆಯ ಮೂರು ನಾಲ್ಕು ತಿಂಗಳು ರಸ್ತೆಯ ಮೇಲೆ ಕೂತದ್ದೆಲ್ಲ, ಟೈರು ಸವೆದ ಪುಡಿ, ಗಾಡಿಗಳಿಂದ ತೊಟ್ಟಿಕ್ಕಿದ ಎಣ್ಣೆ, ನಾಯಿಗಳ ಹೇಸಿಗೆ, ಇವನ್ನೆಲ್ಲ ಮೊದಲ ಮಳೆ ಒಂದೇ ಸಲಕ್ಕೆ ತೊಳೆದು ಕೆರೆಗೆ ಒಯ್ಯುತ್ತದೆ. ಮೊದಲ ಮಳೆಯ ಮಣ್ಣಿನ ವಾಸನೆಯನ್ನು ನಮ್ಮ ಕವಿಗಳು ಬಹಳವಾಗಿ ಹೊಗಳಿದ್ದಾರೆ. ಕೆರೆಯ ಮೀನಿಗೆ ಕಾವ್ಯ ಬರೆಯಲು ಬಂದಿದ್ದರೆ ಮೊದಲ ಮಳೆಯ ವಿಷಯದಲ್ಲಿ ಬೇರೆ ಏನನ್ನಾದರೂ ಬರೆಯುತ್ತಿತ್ತು.

ಎಣ್ಣೆಯ ವಿಷಯ ಹೇಳಿದೆ. ಮೋಟಾರ್ ಸೈಕಲ್ಲಿನ ಹಳೆಯ ಎಣ್ಣೆ ಒಂದು ಲೀಟರನ್ನು ಯಾರೋ ಚರಂಡಿಗೆ ಸುರಿದರೆಂದುಕೊಳ್ಳಿ. ಅದು ನೀರಿನ ಮೇಲೆ, ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿನಷ್ಟು ತೆಳ್ಳಗೆ ಹರಡಿತೆನ್ನಿ. ಆಗ ಅದು ಸಾವಿರ ಚದರ ಮೀಟರು, ಅಂದರೆ ಹತ್ತಿರ ಹತ್ತಿರ ಹತ್ತು ಗುಂಟೆ ನೀರನ್ನು ಮುಚ್ಚಬಲ್ಲದು. ಗಾಳಿ ನೀರಿಗೆ ಇಳಿಯುವುದು ಮೇಲ್ಮೈಯಿಂದಲೇ ಆದುದರಿಂದ ಆ ಪೊರೆಯ ಕೆಳಗಿನ ಜೀವಗಳಿಗೆ ಉಸಿರು ಕಡಿಮೆಯಾಗುತ್ತದೆ. ಮನೆ ಕಟ್ಟುವಲ್ಲಿ ಸಿಮೆಂಟಿನ ಬಾಣಲೆ ತೊಳೆದ ನೀರು ಸುಣ್ಣದ ನೀರಿನ ಹಾಗೆ ಕ್ಷಾರ. ಮೀನಿನ ಕಿವಿರನ್ನು ಸುಡುತ್ತದೆ, ಮೇಲೆ ಚರಂಡಿಯ ತಳದಲ್ಲೇ ಗಟ್ಟಿಯಾಗಿ ಕೂತುಬಿಡುತ್ತದೆ. ತರಗೆಲೆ ನಿರಪರಾಧಿಯೆಂದು ನಾವು ತಿಳಿದಿದ್ದೇವೆ. ಬೆಳಗ್ಗೆ ಅಂಗಳ ಗುಡಿಸಿದವರು ಎಲೆಗಳನ್ನು ಜಾಲರಿಯ ಕಡೆಗೇ ತಳ್ಳುತ್ತಾರೆ. ಎಲೆಯಾಗಲಿ ಅನ್ನವಾಗಲಿ ಮಲವಾಗಲಿ, ನೀರಿನಲ್ಲಿ ಕೊಳೆಯಬೇಕಾದರೆ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ. ಸ್ವಲ್ಪವಾದರೆ ಕೆರೆ ತಾಳಿಕೊಂಡೀತು. ಮಿತಿ ಮೀರಿದರೆ ಒಂದು ಮುಂಜಾನೆ ಮೀನುಗಳು ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತವೆ. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಹಾಗೆ ಸತ್ತು ತೇಲಿದವು.

ಇನ್ನು ಬೆಳ್ಳಂದೂರು. ಕೆರೆ ಹೊತ್ತಿ ಉರಿಯಿತು ಎಂಬ ಮಾತನ್ನು ನಾನು ತರಗತಿಯಲ್ಲಿ ಹೇಳಿದ್ದರೆ ಹುಡುಗರು ವಿರೋಧಾಭಾಸ ಅಲಂಕಾರಕ್ಕೆ ಉದಾಹರಣೆಯೆಂದು ಬರೆದುಕೊಳ್ಳುತ್ತಿದ್ದರು. 2015ರ ಮೇ ತಿಂಗಳಲ್ಲಿ ಆ ಕೆರೆಯ ನೊರೆಗೆ ಬೆಂಕಿ ಹೊತ್ತಿತು. 2017ರ ಫೆಬ್ರವರಿಯಲ್ಲಿ ಮತ್ತೆ ಹೊಗೆ ಎದ್ದಿತು. 2018ರ ಜನವರಿಯಲ್ಲಿ ದಂಡೆಯಿಂದ ಹಬ್ಬಿದ ಬೆಂಕಿಯನ್ನು ನಂದಿಸಲು ಸೈನಿಕರೂ ಇಳಿಯಬೇಕಾಯಿತು. ನೊರೆ ಏಕೆ ಏಳುತ್ತದೆಂಬುದು ಬಟ್ಟೆ ಒಗೆಯುವ ಎಲ್ಲರಿಗೂ ಗೊತ್ತು. ಸೋಪಿನ ಪುಡಿಯ ಅಂಶ ನೀರಿನಲ್ಲಿ ಉಳಿದು, ಆ ನೀರು ಕೋಡಿಯಲ್ಲಿ ಎತ್ತರದಿಂದ ಧುಮುಕಿ ಕಡೆದಂತಾದರೆ, ಮೊಸರು ಕಡೆದಾಗ ಬುರುಗು ಬಂದಂತೆ, ನೊರೆ ಬರುತ್ತದೆ. ಶುದ್ಧೀಕರಣ ಘಟಕದಲ್ಲಿ ಸೂಕ್ಷ್ಮಜೀವಿಗಳು ಆ ಅಂಶದ ಬಹುಭಾಗವನ್ನು ತಿಂದುಬಿಡುತ್ತವೆ. ಘಟಕಕ್ಕೆ ಹೋಗದೆ ರಾಜಕಾಲುವೆಯಲ್ಲಿ ನೇರವಾಗಿ ಬಂದ ನೀರಿನಲ್ಲಿ ಅದು ಹಾಗೆಯೇ ಇರುತ್ತದೆ. ನೊರೆಯ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿ ನಾನೂ ಎಲ್ಲರಂತೆ ಸರಕಾರವನ್ನು ಬೈದೆ.

ಬೈದದ್ದರ ಫಲ ಈ ವರ್ಷದ ಸಂಕ್ರಾಂತಿ ಮುಗಿದ ಮೇಲೆ ನನಗೆ ಒದಗಿತು. ಮಳೆ ನಿಂತು ಎರಡು ತಿಂಗಳ ಮೇಲಾಗಿತ್ತು. ಬೆಳಗಿನ ವಿಹಾರದಿಂದ ಬರುವಾಗ ನೋಡುತ್ತೇನೆ, ನಮ್ಮ ಬೀದಿಯ ಚರಂಡಿಯಲ್ಲಿ ನೀರು ಹರಿಯುತ್ತಿದೆ, ಮೇಲೆ ಬೆಳ್ಳಗೆ ನೊರೆ. ಮಳೆಯಿಲ್ಲದ ದಿನ ಮಳೆಯ ಚರಂಡಿ ಒಣಗಿರಬೇಕು. ಹರಿಯುತ್ತಿದೆಯೆಂದರೆ ಯಾರದೋ ಮನೆಯ ನೀರು ದಾರಿ ತಪ್ಪಿ ಬಂದಿದೆಯೆಂದು ಅರ್ಥ. ಇಷ್ಟು ಸರಳವಾದ ಪರೀಕ್ಷೆಯನ್ನು ನಾನು ಅದುವರೆಗೆ ಮಾಡಿರಲಿಲ್ಲ. ಪತ್ತೇದಾರನ ಹುಮ್ಮಸ್ಸಿನಿಂದ ನೊರೆಯನ್ನು ಹಿಡಿದು ಮೇಲಕ್ಕೆ ನಡೆದೆ. ನೊರೆಯ ಮೂಲ ನನ್ನ ಮನೆಯ ಗೇಟಿನ ಪಕ್ಕದಲ್ಲಿತ್ತು.

ಆರು ವರ್ಷಗಳ ಹಿಂದೆ ಮಗ ಮಹಡಿ ಕಟ್ಟಿಸಿದಾಗ ಬಟ್ಟೆ ಒಗೆಯುವ ಯಂತ್ರವನ್ನು ತಾರಸಿಯ ಮೇಲೆ, ತಗಡಿನ ಸೂರಿನ ಕೆಳಗೆ ಇಟ್ಟೆವು. ನಲ್ಲಿಯ ಕೆಲಸದವನು ಅದರ ಕೊಳವೆಯನ್ನು ಹತ್ತಿರದಲ್ಲೇ ಇದ್ದ ಮಳೆನೀರಿನ ಕೊಳವೆಗೆ ಸೇರಿಸಿ ಹೋಗಿದ್ದ. ನೀರು ಹೋಗುತ್ತಿತ್ತು, ಎಲ್ಲಿಗೆಂದು ಯಾರೂ ಕೇಳಲಿಲ್ಲ. ಆರು ವರ್ಷ, ವಾರಕ್ಕೆ ನಾಲ್ಕು ಬಾರಿಯಂತೆ, ನಮ್ಮ ಮನೆಯ ಸೋಪಿನ ನೀರು ಕೆರೆಗೆ ಹೋಗಿದೆ. ಬಣ್ಣದ ಹುಡುಗನದು ಎರಡು ಬಕೆಟ್ಟು. ನಾನು ಒಳಗೆ ಹೋಗಿ ಹೇಳಿದಾಗ ನನ್ನ ಹೆಂಡತಿ, “ಆ ಹುಡುಗನಿಗೆ ಅರ್ಧ ಗಂಟೆ ಉಪದೇಶ ಮಾಡಿದಿರಲ್ಲ,” ಎಂದಷ್ಟೇ ಹೇಳಿ ಒಲೆಯ ಕಡೆ ತಿರುಗಿದಳು. ಸರಿಪಡಿಸಲು ಬೇಕಾದದ್ದು ಹದಿನೆಂಟು ಅಡಿ ಕೊಳವೆ, ಅರ್ಧ ದಿನದ ಕೂಲಿ. ಈಗ ಆ ನೀರು ಬಚ್ಚಲಿನ ಕೊಳವೆಯ ಮೂಲಕ ಒಳಚರಂಡಿಗೆ ಹೋಗುತ್ತಿದೆ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಒಂದುಂಟು. ಅದರ ಕೆಡುಕನ್ನು ತಿಳಿದವರು ಇನ್ನೂ ಕಡಿಮೆ. ಅಂಗಳದಲ್ಲಿ ಮಳೆನೀರು ನಿಲ್ಲುತ್ತದೆಂದು ಕೆಲವರು ತಾರಸಿಯ ಮಳೆಕೊಳವೆಯನ್ನು ಒಳಚರಂಡಿಗೆ ಸೇರಿಸಿಬಿಡುತ್ತಾರೆ. ಇನ್ನು ಕೆಲವರು ಮಳೆ ಬಂದಾಗ ಬೀದಿಯ ಮ್ಯಾನ್‌ಹೋಲಿನ ಮುಚ್ಚಳವನ್ನು ಎತ್ತಿಡುತ್ತಾರೆ, ನೀರು ಬೇಗ ಇಳಿಯಲಿ ಎಂದು. ಆಗಲೇ ಹಾಕಿದ ಲೆಕ್ಕವನ್ನು ನೆನೆಯಿರಿ. ಸಂಸಾರದ ನೀರಿಗೆ ಅಳತೆಯಾದ ಕೊಳವೆಗೆ ಇಡೀ ಬೀದಿಯ ಮಳೆ ಬಿದ್ದರೆ ಅದು ತಗ್ಗಿನಲ್ಲಿ ಉಕ್ಕುತ್ತದೆ. ಉಕ್ಕಿದ ಕೊಳಚೆ ಎಲ್ಲಿಗೆ ಹೋಗಬೇಕು? ಪಕ್ಕದ ಮಳೆಚರಂಡಿಗೆ, ಅಲ್ಲಿಂದ ಕೆರೆಗೆ. ಮಳೆಯನ್ನು ಒಳಚರಂಡಿಗೆ ಬಿಟ್ಟವನು ತನಗೆ ತಿಳಿಯದೆಯೇ ಒಳಚರಂಡಿಯನ್ನು ಕೆರೆಗೆ ಬಿಟ್ಟಂತಾಯಿತು. ಕೆಳಬೀದಿಯ ಮನೆಗಳ ಬಚ್ಚಲಲ್ಲಿ ಹಿಂದಕ್ಕೆ ಬರುವ ಹೊಲಸು ಬೇರೆ. ತಾರಸಿಯ ನೀರಿಗೆ ನ್ಯಾಯವಾದ ಜಾಗವೆಂದರೆ ಮನೆಯ ತೊಟ್ಟಿ ಅಥವಾ ಇಂಗುಗುಂಡಿ. 2009ರಲ್ಲಿ ಕಾನೂನು ತಿದ್ದಿ ಮಳೆನೀರು ಸಂಗ್ರಹವನ್ನು ಬೆಂಗಳೂರಿನಲ್ಲಿ ಕಡ್ಡಾಯ ಮಾಡಿದ್ದು ಕುಡಿಯುವ ನೀರಿನ ದೃಷ್ಟಿಯಿಂದ. ಚರಂಡಿಯ ದೃಷ್ಟಿಯಿಂದಲೂ ಅದು ಒಳ್ಳೆಯದೇ ಆಯಿತು.

ಹೊರೆಯೆಲ್ಲ ಗೃಹಸ್ಥನ ಮೇಲೆ ಹೊರಿಸಬೇಕೆಂದು ನನ್ನ ಅಭಿಪ್ರಾಯವಲ್ಲ. ಒಳಚರಂಡಿಯೇ ಹಾಕದ ಬಡಾವಣೆಯಲ್ಲಿ ಮನೆ ಕಟ್ಟಲು ಪರವಾನಗಿ ಕೊಟ್ಟು, ಆಮೇಲೆ ಕೊಳಚೆಯನ್ನು ಮೋರಿಗೆ ಬಿಡಬೇಡಿ ಎಂದರೆ ಬಡವನು ಏನು ಮಾಡಬೇಕು? ಕೆರೆಗಳಿಗೆ ಬರುವ ಕೊಳೆಯಲ್ಲಿ ದೊಡ್ಡ ಪಾಲು ಇಂಥ ಬಿಟ್ಟುಹೋದ ಕೊಳವೆಗಳದು, ಒಡೆದ ಕೊಳವೆಗಳದು, ದೊಡ್ಡ ಕಟ್ಟಡಗಳದು, ಕಾರ್ಖಾನೆಗಳದು. ಅದಕ್ಕೆ ಹಣವೂ ಅಧಿಕಾರವೂ ಉಳ್ಳವರು ಹೊಣೆ. ಹಾಗೆಂದು ನನ್ನ ಹದಿನೆಂಟು ಅಡಿ ಕೊಳವೆಗೆ ಅವರು ಹೊಣೆಯಾಗಲಾರರು.

ಈ ಚರಂಡಿಗಳಿಗೆ ಇಳಿಯುವವರ ಮಾತನ್ನು ಹೇಳದೆ ಮುಗಿಸಿದರೆ ತಪ್ಪಾದೀತು. ರಕ್ಷಣೆಯ ಸಾಧನಗಳಿಲ್ಲದೆ ಮನುಷ್ಯರನ್ನು ಒಳಚರಂಡಿಗೆ ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಮಳೆಚರಂಡಿಯಲ್ಲಿ ಇರಬೇಕಾದದ್ದು ಮಣ್ಣು, ಎಲೆ, ಮಳೆಯ ನೀರು. ಅದನ್ನು ಗುದ್ದಲಿ ಹಿಡಿದು ಎತ್ತುವುದು ಯಾರೂ ಗೌರವದಿಂದ ಮಾಡಬಹುದಾದ ಕೆಲಸ. ಹಳ್ಳಿಯಲ್ಲಿ ಕೆರೆಯ ಹೂಳೆತ್ತುವುದನ್ನು ಊರವರೇ ಮಾಡುತ್ತಿದ್ದರು. ನಾವು ಅದರಲ್ಲಿ ಮಲವನ್ನೂ ಒಡೆದ ಗಾಜನ್ನೂ ಮದ್ದಿನ ಸೂಜಿಯನ್ನೂ ಬೆರೆಸಿದ್ದರಿಂದ ಅದು ಅಪಾಯದ ಕೆಲಸವಾಯಿತು. ಕಳೆದ ಮೇ ತಿಂಗಳಲ್ಲಿ ನಮ್ಮ ಬೀದಿಯ ಹೂಳು ತೆಗೆದ ಹೆಣ್ಣುಮಗಳೊಬ್ಬಳು ಕೈಗೆ ಗಾಜು ಹೊಕ್ಕು ನಮ್ಮ ಜಗಲಿಯ ಮೇಲೆ ಕುಳಿತಿದ್ದಳು. ಗಾಯ ತೊಳೆಯಲು ನೀರು ಕೊಟ್ಟರೆ, ಮೊದಲು ಕೈಯ ವಾಸನೆಗೆ ಸೋಪು ಕೊಡಿ ಅಮ್ಮಾ ಎಂದು ನನ್ನ ಹೆಂಡತಿಯನ್ನು ಕೇಳಿದಳು.

ಇನ್ನು ಮನೆಯಲ್ಲಿ ಏನು ಮಾಡಬಹುದೆಂದು ಕೇಳಿದರೆ, ಯಾವುದೂ ಘನವಾದ ಕೆಲಸವಲ್ಲ. ಬಣ್ಣದ ಬ್ರಷ್ಷನ್ನು ಮೊದಲು ಹಳೆಯ ಪತ್ರಿಕೆಗೆ ಚೆನ್ನಾಗಿ ಒರೆಸಿ, ನೀರಿನ ಬಣ್ಣವಾದರೆ ಬಚ್ಚಲಲ್ಲಿ ತೊಳೆದರಾಯಿತು. ಉಳಿದ ಬಣ್ಣವನ್ನು ಡಬ್ಬದಲ್ಲೇ ಒಣಗಲು ಬಿಡಬೇಕು. ಎಣ್ಣೆಬಣ್ಣವಾದರೆ ಸೀಮೆಎಣ್ಣೆಯಲ್ಲಿಯೋ ಟರ್ಪೆಂಟೈನಿನಲ್ಲಿಯೋ ತೊಳೆಯುತ್ತಾರೆ. ಅದನ್ನು ಶೀಶೆಯಲ್ಲಿ ಮುಚ್ಚಿಟ್ಟರೆ ಬಣ್ಣ ತಳಕ್ಕಿಳಿದು ಮೇಲಿನ ತಿಳಿ ಮತ್ತೆ ಬಳಕೆಗೆ ಬರುತ್ತದೆ, ಯಾವ ಚರಂಡಿಗೂ ಹೋಗಬೇಕಾಗಿಲ್ಲ. ಗಾಡಿಯ ಹಳೆಯ ಎಣ್ಣೆಯನ್ನು ಗ್ಯಾರೇಜಿಗೇ ಹಿಂದಿರುಗಿಸಬೇಕು. ಅದನ್ನು ಕೊಂಡು ಶುದ್ಧಿ ಮಾಡುವವರಿದ್ದಾರೆ. ಬಜ್ಜಿ ಕರಿದು ಮಿಕ್ಕ ಎಣ್ಣೆ ಎರಡು ಚರಂಡಿಗೂ ಬೇಡ; ಒಳಚರಂಡಿಯ ಕೊಳವೆಯಲ್ಲಿ ಅದು ಹೆಪ್ಪುಗಟ್ಟಿ ದಾರಿ ಕಟ್ಟುತ್ತದೆ. ಕಾರನ್ನು ಮಣ್ಣಿನ ಮೇಲೆ ನಿಲ್ಲಿಸಿ ತೊಳೆಯುವಷ್ಟು ಅಂಗಳ ಈಗ ಎಷ್ಟು ಮನೆಗಳಿಗಿದೆಯೋ ಕಾಣೆ; ಒದ್ದೆಬಟ್ಟೆಯಲ್ಲಿ ಒರೆಸಿದರೂ ಅದು ಹೊಳೆಯುತ್ತದೆ. ಮನೆ ಕಟ್ಟಿಸುವವರು ಸಿಮೆಂಟು ತೊಳೆಯಲು ನಿವೇಶನದೊಳಗೇ ಒಂದು ಗುಂಡಿ ತೋಡಿಸಿದರೆ ಸಾಕು.

ನನ್ನ ಕೊಳವೆ ಸರಿಯಾದ ಮೇಲೂ ನಮ್ಮ ಮುಂದಿನ ಚರಂಡಿ ಪೂರ್ತಿ ಒಣಗಲಿಲ್ಲ. ನೊರೆ ಹೋಯಿತು, ಸಣ್ಣ ಧಾರೆಯೊಂದು ಉಳಿಯಿತು. ಬೆಳಗ್ಗೆ ಎಂಟರ ಹೊತ್ತಿಗೆ ಅದರಲ್ಲಿ ಅನ್ನದ ಅಗುಳು ತೇಲಿಬರುತ್ತದೆ. ಮತ್ತೆ ಮೇಲಕ್ಕೆ ನಡೆದು ನೋಡಿದ್ದೇನೆ. ಅದು ನನಗಿಂತ ಹಿರಿಯರಾದ, ದಿನವೂ ಸಂಜೆ ನನ್ನೊಡನೆ ಪಾರ್ಕಿನಲ್ಲಿ ಎರಡು ಸುತ್ತು ನಡೆಯುವ ಸ್ನೇಹಿತರೊಬ್ಬರ ಅಡುಗೆಮನೆಯಿಂದ ಬರುತ್ತಿದೆ. ಮೂರು ವಾರಗಳಿಂದ ಅವರಿಗೆ ಹೇಗೆ ಹೇಳುವುದೆಂದು ಮಾತು ಜೋಡಿಸುತ್ತಿದ್ದೇನೆ. ಪ್ರತಿಸಲವೂ ಮಾತು ಮಗಳ ಊರಿಗೋ ಮಂಡಿನೋವಿಗೋ ತಿರುಗಿಬಿಡುತ್ತದೆ. ಅವರು ರೇಡಿಯೋ ಕೇಳುವ ಅಭ್ಯಾಸವುಳ್ಳವರು. ಈ ಭಾಷಣ ಅವರ ಕಿವಿಗೆ ಬಿದ್ದರೆ ನನ್ನ ಕೆಲಸ ಹಗುರವಾಗುತ್ತದೆ; ಬೀಳದಿದ್ದರೆ ಬರುವ ಭಾನುವಾರ ಬೆಳಗ್ಗೆ ನಾನೇ ಅವರ ಮನೆಗೆ ಹೋಗುವವನಿದ್ದೇನೆ.